ಕಡಲಿಲ್ಲದ ಸೀಮೆಯ ದೇವಗಿರಿಗಳು

ಜಪಾನ್ ದೇಶವೆಂದೊಡನೆ ಮನಸ್ಸಿಗೆ ಮೊದಲು ತೋರುವುದು ಕಡಲು. ದ್ವೀಪಸಮೂಹವಾದ ಆ ರಾಷ್ಟ್ರದ ಆಹಾರ, ಉದ್ಯಮ, ವಾಣಿಜ್ಯಗಳೆಲ್ಲವೂ ಸಮುದ್ರವನ್ನು ಆಶ್ರಯಿಸಿ ಬೆಳೆದುವೆಂದು ಭೂಗೋಳದ ಪಾಠಗಳು ಹೇಳುತ್ತವೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಜಪಾನಿನ 47 ಆಡಳಿತ ಪ್ರಾಂತಗಳಲ್ಲಿ 8 ಪ್ರಾಂತಗಳಿಗೆ ಕಡಲತೀರವೆಂಬುದೇ ಇಲ್ಲ. ಅವುಗಳಲ್ಲಿ ಅತ್ಯಂತ ವಿಶಾಲವಾದುದು ನಗಾನೊ ಪ್ರಾಂತ. ಇದರ ಪ್ರಾಚೀನ ನಾಮ ಶಿನಾನೊ. ಸುಮಾರು 13,560 ಚದರ ಕಿಲೋಮೀಟರು ವಿಸ್ತೀರ್ಣದ ಈ ಸೀಮೆಯನ್ನು ಎಂಟು ನೆರೆಪ್ರಾಂತಗಳು ಸುತ್ತುವರಿದಿವೆ. ಇಡೀ ಜಪಾನಿನಲ್ಲಿ ಸಮುದ್ರದಿಂದ ಅತ್ಯಂತ ದೂರವಾದ ಸ್ಥಳವೂ ಇಲ್ಲಿಯ ಸಾಕು ಪ್ರದೇಶದಲ್ಲಿದೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಸೇರಲು ಸುಮಾರು 115 ಕಿಲೋಮೀಟರನ್ನಾದರೂ ಕ್ರಮಿಸಬೇಕು. ಕಡಲು ಕಾಣದ ಈ ಜನರಿಗೆ ಬೆಟ್ಟವೇ ದಿಕ್ಕು, ಬೆಟ್ಟವೇ ಪಂಚಾಂಗ, ಬೆಟ್ಟವೇ ದೈವ. ಆ ಬೆಟ್ಟಗಳ ರಚನೆಯನ್ನೂ ಅವುಗಳ ಪಾವಿತ್ರ್ಯದ ಬಗೆಯನ್ನೂ ಒಟ್ಟಿಗೆ ಇರಿಸಿ ನೋಡಿದಲ್ಲದೆ ಶಿನಾನೊ ಸೀಮೆಯು ಅರ್ಥವಾಗದು.

ಭೂರಚನೆ

ಜಪಾನಿನ ಮುಖ್ಯದ್ವೀಪವಾದ ಹೊನ್ಶೂ ನಡುವಿನಲ್ಲಿ ಬಾಗಿದ ಬಿಲ್ಲಿನಂತಿದೆ. ಆ ಬಾಗಿನ ಸ್ಥಾನದಲ್ಲಿಯೇ ಶಿನಾನೊ ಇದೆ. ಈಶಾನ್ಯ ಜಪಾನ್ ಮತ್ತು ನೈರುತ್ಯ ಜಪಾನ್ ಎಂಬ ಎರಡು ಭೂಖಂಡಗಳು ಸಂಧಿಸುವ ಈ ಎಡೆಯಲ್ಲಿ ಒಂದು ಮಹಾಬಿರುಕು ಉಂಟೆಂಬುದನ್ನು ಗುರುತಿಸಿದವನು ಜರ್ಮನಿಯ ಭೂವಿಜ್ಞಾನಿ ಎಡ್ಮಂಡ್ ನೌಮನ್. 1875ರಲ್ಲಿ ಅವನು ಈ ಸೀಮೆಯ ಎತ್ತರದ ಬಯಲಿನಲ್ಲಿ ನಿಂತು, ಎದುರಿಗೆ ಗೋಡೆಯಂತೆ ಎದ್ದ ಪರ್ವತಶ್ರೇಣಿಯನ್ನು ಕಂಡು ಈ ವಿಚಾರಕ್ಕೆ ತೊಡಗಿದನು. ಮುಂದೆ ಅವನು ಅದಕ್ಕೆ 'ಫೊಸ್ಸಾ ಮಾಗ್ನಾ', ಅಂದರೆ ಮಹಾಕಂದರ, ಎಂಬ ಲ್ಯಾಟಿನ್ ಹೆಸರನ್ನು ಕೊಟ್ಟನು. ಈ ಕಂದರದ ಪಶ್ಚಿಮದಂಚು ಇತೋಯಿಗಾವ ಊರಿನಿಂದ ಶಿಜುಓಕ ಊರಿನವರೆಗೆ ಸಾಗುವ ಸ್ತರಭಂಗರೇಖೆ. ಅದರ ಪಶ್ಚಿಮಕ್ಕೆ ಪುರಾತನ ಶಿಲೆಗಳು. ಕಂದರದೊಳಗೆ ಅವಕ್ಕಿಂತ ಬಹು ಕಿರಿಯವಾದ ಶಿಲೆಗಳು ಮತ್ತು ಜ್ವಾಲಾಮುಖಿಗಳು.

ರೇಖೆಯ ಪಶ್ಚಿಮದಲ್ಲಿ ಹಿದಾ, ಕಿಸೊ, ಅಕಾಯಿಶಿ ಎಂಬ ಮೂರು ಶ್ರೇಣಿಗಳು ಉತ್ತರದಿಂದ ದಕ್ಷಿಣಕ್ಕೆ ಹಬ್ಬಿವೆ. ಜಪಾನಿನಲ್ಲಿ 3,000 ಮೀಟರಿಗೂ ಎತ್ತರವಾದ ಶಿಖರಗಳು ಫುಜಿಯೊಂದನ್ನು ಬಿಟ್ಟರೆ ಹಿದಾ, ಅಕಾಯಿಶಿ ಶ್ರೇಣಿಗಳಲ್ಲಿ ಹಾಗೂ ಅವುಗಳ ನೆರೆಯ ಜ್ವಾಲಾಮುಖಿಗಳಲ್ಲಿ ಮಾತ್ರ ಇವೆ. ಹಿದಾ ಶ್ರೇಣಿಯ ಓಕುಹೊತಾಕ ಶಿಖರದ ಎತ್ತರ 3,190 ಮೀಟರು. ಭಲ್ಲೆಯ ಮೊನೆಯಂತಿರುವ ಯಾರಿ ಶಿಖರದ್ದು 3,180 ಮೀಟರು. 1881ರಲ್ಲಿ ಪ್ರಕಟವಾದ ಕೈಪಿಡಿಯೊಂದರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಗೌಲಂಡ್ ಇವನ್ನು 'ಜಪಾನಿನ ಆಲ್ಪ್ಸ್' ಎಂದು ಕರೆದನು. ಹೊರಗಿನವನಿತ್ತ ಆ ಹೆಸರು ಇಂದು ಜಪಾನೀಯರ ಬಾಯಲ್ಲಿಯೂ ನಿಂತಿದೆ. ಆದರೆ ಗೌಲಂಡನಿಗೆ ಐದು ದಶಕಗಳ ಹಿಂದೆಯೇ, 1828ರಲ್ಲಿ, ಬನ್ರ್ಯೂ ಎಂಬ ಭಿಕ್ಷು ಯಾರಿ ಶಿಖರವನ್ನೇರಿ ಅಲ್ಲಿ ಬುದ್ಧಪ್ರತಿಮೆಗಳನ್ನು ಸ್ಥಾಪಿಸಿದ್ದನೆಂಬುದನ್ನು ಮರೆಯಲಾಗದು. ಈ ಶಿಖರಗಳನ್ನು ಮೊದಲು ಏರಿದುದು ಕುತೂಹಲವಲ್ಲ, ಭಕ್ತಿ.

ಪರ್ವತಗಳ ನಡುವೆ ನಗಾನೊ, ಮತ್ಸುಮೊತೊ, ಸಾಕು, ಸುವಾ, ಇನಾ ಎಂಬ ಬಟ್ಟಲಿನಾಕಾರದ ಬಯಲುಗಳಿವೆ. ಜನವಸತಿ, ಬೇಸಾಯ, ಊರುಗಳು ಬಹುಮಟ್ಟಿಗೆ ಈ ಬಟ್ಟಲುಗಳಲ್ಲಿಯೇ. ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಣಿವೆದಾರಿಯನ್ನು ದಾಟಬೇಕು. ಆದುದರಿಂದ ಒಂದೇ ಪ್ರಾಂತವಾದರೂ ಬಯಲು ಬಯಲಿಗೆ ಆಡುಮಾತು ಬೇರೆ, ಹಬ್ಬ ಬೇರೆ, ಪೂಜೆಗೊಳ್ಳುವ ಬೆಟ್ಟವೂ ಬೇರೆ.

ನೀರು ಮತ್ತು ಉಪ್ಪು

ಕಡಲಿಲ್ಲದ ಈ ಸೀಮೆಯು ಎರಡು ಕಡಲುಗಳಿಗೆ ನೀರನ್ನು ಕಳುಹುತ್ತದೆ. ಪೂರ್ವದ ಕೊಬುಶಿ ಬೆಟ್ಟದಲ್ಲಿ ಹುಟ್ಟುವ ಚಿಕುಮ ನದಿಯು ನಗಾನೊ ಬಯಲಿನಲ್ಲಿ ಸಾಯ್ ನದಿಯನ್ನು ಕೂಡಿಕೊಂಡು, ಪ್ರಾಂತದ ಗಡಿ ದಾಟಿದೊಡನೆ ಶಿನಾನೊ ನದಿ ಎನಿಸಿ ಉತ್ತರದ ಜಪಾನ್ ಸಮುದ್ರವನ್ನು ಸೇರುತ್ತದೆ. ಒಟ್ಟು 367 ಕಿಲೋಮೀಟರು ಉದ್ದದ ಈ ನದಿಯೇ ಜಪಾನಿನಲ್ಲಿ ಅತಿ ದೀರ್ಘವಾದುದು. ಸುವಾ ಸರೋವರದಿಂದ ಹೊರಡುವ ತೆನ್ರ್ಯೂ ನದಿಯೂ ಪಶ್ಚಿಮದ ಕಿಸೊ ನದಿಯೂ ದಕ್ಷಿಣಾಭಿಮುಖವಾಗಿ ಹರಿದು ಶಾಂತಸಾಗರದ ಕಡೆಯ ಕಡಲನ್ನು ಸೇರುತ್ತವೆ. ಕೆಳಗಿನ ಬಯಲುಗಳ ಕೋಟ್ಯಂತರ ಜನರ ಗದ್ದೆ ಮನೆಗಳಿಗೆ ನೀರು ಹೋಗುವುದು ಈ ಮಲೆಗಳ ಹಿಮದಿಂದ.

ನೀರನ್ನು ಕೊಟ್ಟ ಸೀಮೆಗೆ ಕಡಲಿನಿಂದ ಬಂದುದು ಉಪ್ಪು. ಉತ್ತರದ ಇತೋಯಿಗಾವ ರೇವಿನಿಂದ ಮತ್ಸುಮೊತೊವರೆಗೆ ಸುಮಾರು 120 ಕಿಲೋಮೀಟರಿನ 'ಉಪ್ಪಿನ ದಾರಿ'ಯಲ್ಲಿ ಎತ್ತುಗಳೂ ಹೊರೆಯಾಳುಗಳೂ ಉಪ್ಪನ್ನೂ ಒಣಮೀನನ್ನೂ ಹೊತ್ತು ತರುತ್ತಿದ್ದರು. ಶಿಯೋಜಿರಿ ಎಂಬ ಊರಿನ ಹೆಸರಿಗೆ 'ಉಪ್ಪಿನ ಕೊನೆ' ಎಂದು ಅರ್ಥ. ಉತ್ತರದಿಂದಲೂ ದಕ್ಷಿಣದಿಂದಲೂ ಬರುತ್ತಿದ್ದ ಉಪ್ಪು ಅಲ್ಲಿಗೆ ಮುಗಿಯುತ್ತಿತ್ತೆಂದು ಹೇಳುವರು. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯನ್ನಾಳುತ್ತಿದ್ದ ತಕೇದ ಶಿಂಗೆನ್‌ಗೆ ದಕ್ಷಿಣದ ಅರಸರು ಉಪ್ಪನ್ನು ತಡೆದಾಗ, ಅವನ ಬದ್ಧವೈರಿಯಾದ ಉತ್ತರದ ಉಯೆಸುಗಿ ಕೆನ್‌ಶಿನ್, ಯುದ್ಧವು ಕತ್ತಿಯಿಂದಲೇ ಹೊರತು ಉಪ್ಪಿನಿಂದಲ್ಲವೆಂದು ತನ್ನ ನಾಡಿನ ಉಪ್ಪನ್ನು ಬಿಡಿಸಿದನೆಂಬುದು ಪ್ರತೀತಿ. ಉಪ್ಪಿನ ಋಣದ ಬೆಲೆ ಬಲ್ಲವರಿಗೆ ಈ ಕಥೆಯ ತಿರುಳನ್ನು ಬಿಡಿಸಿ ಹೇಳಬೇಕಿಲ್ಲ.

ಗುಡಿಗೆ ಬದಲು ಗಿರಿ

ಜಪಾನಿನ ಪ್ರಾಚೀನ ಶಿಂತೊ ಧರ್ಮದಲ್ಲಿ 'ಶಿಂತಾಯ್' ಎಂದರೆ ದೈವವು ನೆಲೆಸಿರುವ ವಸ್ತು. ಅದು ಕನ್ನಡಿಯಾಗಬಹುದು, ಖಡ್ಗವಾಗಬಹುದು. ಮರವೋ ಬೆಟ್ಟವೋ ಆಗಬಹುದು. ಸುವಾ ಸರೋವರದ ಸುತ್ತಲಿನ ನಾಲ್ಕು ದೇವಾಲಯಗಳ ಸಮೂಹವಾದ ಸುವಾ ಮಹಾಕ್ಷೇತ್ರದಲ್ಲಿ ಇದಕ್ಕೆ ಸ್ಪಷ್ಟವಾದ ನಿದರ್ಶನವುಂಟು. ಮೇಲಿನ ಕ್ಷೇತ್ರದ ಪ್ರಧಾನಾಲಯದಲ್ಲಿ ಗರ್ಭಗುಡಿಯೇ ಇಲ್ಲ. ಹಿಂದಿನ ಬೆಟ್ಟವೇ ಆರಾಧ್ಯ. ಕೆಳಗಿನ ಕ್ಷೇತ್ರದ ಎರಡು ಆಲಯಗಳಲ್ಲಿ ಪುರಾತನ ವೃಕ್ಷಗಳೇ ಆರಾಧ್ಯ. ಇಲ್ಲಿಯ ದೈವ ತಕೇಮಿನಾಕತ. ಕ್ರಿ.ಶ. 712ರಲ್ಲಿ ರಚಿತವಾದ 'ಕೊಜಿಕಿ' ಎಂಬ ಗ್ರಂಥದ ಪ್ರಕಾರ ಆತನು ಕಡಲತೀರದ ನಾಡಿನಲ್ಲಿ ಬಲಪರೀಕ್ಷೆಯಲ್ಲಿ ಸೋತು, ಓಡಿಬಂದು, ಸುವಾ ಬಿಟ್ಟು ಬೇರೆಡೆಗೆ ಹೋಗೆನೆಂದು ಮಾತು ಕೊಟ್ಟವನು. ಸೋತುಬಂದ ದೇವನಿಗೆ ಆಶ್ರಯವಿತ್ತು ಅವನನ್ನೇ ಒಡೆಯನೆಂದು ನಂಬಿದುದು ಈ ಮಲೆನಾಡು.

ಈ ಕ್ಷೇತ್ರದಲ್ಲಿ ಆರು ವರ್ಷಕ್ಕೊಮ್ಮೆ, ಹುಲಿ ಮತ್ತು ಕೋತಿ ಎಂಬ ಸಂವತ್ಸರಗಳಲ್ಲಿ, 'ಓಂಬಾಶಿರ' ಉತ್ಸವ ನಡೆಯುತ್ತದೆ. ಬೆಟ್ಟದ ಕಾಡಿನಲ್ಲಿ ಕಡಿದ 16 ಮಹಾವೃಕ್ಷಗಳನ್ನು ಜನರು ಹಗ್ಗ ಹಾಕಿ ಎಳೆದುತಂದು, ಪ್ರತಿಯೊಂದು ಆಲಯದ ನಾಲ್ಕು ಮೂಲೆಗಳಲ್ಲಿಯೂ ನೆಡುತ್ತಾರೆ. ದೊಡ್ಡ ಕಂಬವು ಸುಮಾರು 17 ಮೀಟರು ಉದ್ದ, 10 ಟನ್ನಿಗೂ ಹೆಚ್ಚು ಭಾರ. ಕಡಿದಾದ ಇಳಿಜಾರಿನಲ್ಲಿ ಕಂಬದ ಮೇಲೆಯೇ ಕುಳಿತು ಜಾರಿ ಬರುವ ಸಾಹಸದಲ್ಲಿ ಪ್ರಾಣಹಾನಿಯಾದುದೂ ಉಂಟು. 2022ರಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಬೆಟ್ಟದಿಂದ ಇಳಿಸುವ ಭಾಗವನ್ನು ವಾಹನಗಳ ಮೂಲಕ ನಡೆಸಿದರೇ ಹೊರತು ಉತ್ಸವವನ್ನು ಬಿಡಲಿಲ್ಲ.

ಅಜುಮಿನೊ ಬಯಲಿನ ಹೊತಾಕ ದೇವಾಲಯದ ಸಂಗತಿ ಇನ್ನೂ ವಿಚಿತ್ರವಾದುದು. ಕಡಲಿಲ್ಲದ ಈ ಊರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ದೋಣಿಯಾಕಾರದ ತೇರುಗಳನ್ನೆಳೆಯುತ್ತಾರೆ. ಅಲ್ಲಿಯ ದೈವವು ಸಮುದ್ರದೇವನ ಮಗನೆಂದೂ, ಅವನ ವಂಶಸ್ಥರಾದ ಅಜುಮಿ ಜನರು ಕ್ಯೂಶೂ ದ್ವೀಪದ ಕಡಲಿಗರೆಂದೂ ಪರಂಪರೆ ಹೇಳುತ್ತದೆ. ಒಳನಾಡಿಗೆ ಬಂದು ನೆಲೆಸಿದರೂ ಅವರು ತೊರೆದ ಕಡಲನ್ನು ಮರೆಯಲಿಲ್ಲ. ಹೊತಾಕ ಶಿಖರದಲ್ಲಿಯೇ ಕಡಲದೈವವನ್ನು ಕಂಡರು.

ಉತ್ತರದ ತೊಗಾಕುಶಿ ಬೆಟ್ಟ 1,904 ಮೀಟರು ಎತ್ತರದ ಕಡಿದಾದ ಬಂಡೆಗಳ ಸಾಲು. ಗುಹೆಯಲ್ಲಿ ಅಡಗಿದ ಸೂರ್ಯದೇವಿಯನ್ನು ಹೊರಗೆ ತರಲು ಬಲಶಾಲಿಯಾದ ದೇವನೊಬ್ಬನು ಕಿತ್ತೆಸೆದ ಬಂಡೆಬಾಗಿಲೇ ಈ ಬೆಟ್ಟವಾಯಿತೆಂಬುದು ಐತಿಹ್ಯ. ಮಳೆನೀರುಗಳ ಅಧಿದೈವವಾಗಿ ಒಂಬತ್ತು ಹೆಡೆಯ ನಾಗನನ್ನೂ ಅಲ್ಲಿ ಪೂಜಿಸುತ್ತಾರೆ. ಬೌದ್ಧ, ಶಿಂತೊ ಮತ್ತು ಗಿರಿತಪಸ್ಸುಗಳನ್ನು ಬೆಸೆದ 'ಶುಗೆಂದೊ' ಮಾರ್ಗದ ಕೇಂದ್ರವಾಗಿದ್ದ ತೊಗಾಕುಶಿಯಲ್ಲಿ, 1868ರ ರಾಜಾಜ್ಞೆಯ ಪರಿಣಾಮವಾಗಿ ಬುದ್ಧನನ್ನೂ ದೇವರುಗಳನ್ನೂ ಬೇರ್ಪಡಿಸಲಾಯಿತು. 1872ರಲ್ಲಿ ಶುಗೆಂದೊ ಮಾರ್ಗವನ್ನೇ ಸರಕಾರವು ನಿಷೇಧಿಸಿತು. ಶತಮಾನಗಳಿಂದ ಬೆರೆತದ್ದನ್ನು ಆಜ್ಞಾಪತ್ರವೊಂದು ಬಿಡಿಸಿತಾದರೂ, ಬೆಟ್ಟಕ್ಕೆ ಬರುವವರ ಮನಸ್ಸಿನಿಂದ ಅದನ್ನು ಬಿಡಿಸಲಾಗಲಿಲ್ಲ.

ಬೇಸಾಯಗಾರನಿಗೆ ಬೆಟ್ಟವು ಪಂಚಾಂಗವೂ ಹೌದು. ವಸಂತದಲ್ಲಿ ಹಿಮ ಕರಗುವಾಗ ಬಿಳುಪಿನ ನಡುವೆ ಕಪ್ಪುಬಂಡೆಗಳು ಆಕೃತಿಗಳನ್ನು ಮೂಡಿಸುತ್ತವೆ. ಶಿರೌಮ ಶಿಖರದಲ್ಲಿ ಕುದುರೆಯ ಆಕೃತಿ ಕಂಡರೆ ಗದ್ದೆ ಹದಗೊಳಿಸುವ ಕಾಲ ಬಂದಿತೆಂದರ್ಥ. ಆ ಶಿಖರದ ಹೆಸರೂ ಅದರಿಂದಲೇ ಬಂದುದು.

ಓಂತಾಕೆ: ಅಧಿಕಾರದ ಪ್ರಶ್ನೆ

ಈ ಸೀಮೆಯ ದೇವಗಿರಿಗಳಲ್ಲೆಲ್ಲ ಹೆಚ್ಚಿನ ಖ್ಯಾತಿ ಪಡೆದುದು ಕಿಸೊ ಪ್ರದೇಶದ ಓಂತಾಕೆ. 3,067 ಮೀಟರು ಎತ್ತರದ ಈ ಜ್ವಾಲಾಮುಖಿಯನ್ನೇರಲು ಹಿಂದೆ 75ರಿಂದ 100 ದಿನಗಳ ಕಠಿನ ವ್ರತವನ್ನು ಮುಗಿಸಬೇಕಾಗಿತ್ತು. ದುಡಿದುಣ್ಣುವ ಜನರಿಗೆ ಅಷ್ಟು ದಿನಗಳ ಬಿಡುವೆಲ್ಲಿ? ಹೆಣ್ಣುಮಕ್ಕಳಿಗಂತೂ ಶಿಖರದರ್ಶನವೇ ನಿಷಿದ್ಧ. ಕುರೊಸಾವ ದಾರಿಯಲ್ಲಿ ಅವರು ನಿಲ್ಲಬೇಕಾಗಿದ್ದ ಎಡೆಯ ಮಂದಿರವು ಇಂದಿಗೂ 'ಸ್ತ್ರೀಯರ ಮಂದಿರ'ವೆಂಬ ಹೆಸರಿನಿಂದಲೇ ಉಳಿದಿದೆ. 1785ರಲ್ಲಿ ಕಾಕುಮೆಯ್ ಎಂಬ ತಪಸ್ವಿಯು, ಸ್ಥಳದ ಪುರೋಹಿತರ ಒಪ್ಪಿಗೆಯಿಲ್ಲದೆ, ಲಘುವ್ರತವನ್ನು ಮಾತ್ರ ಆಚರಿಸಿದ ಸಾಮಾನ್ಯ ಜನರನ್ನು ಕರೆದುಕೊಂಡು ಬೆಟ್ಟವೇರಿದನು. ದಂಡನೆಯನ್ನನುಭವಿಸಿದರೂ ಹಿಂಜರಿಯದೆ ದಾರಿಯನ್ನು ಸರಿಪಡಿಸತೊಡಗಿ ಮರುವರ್ಷವೇ ತೀರಿಕೊಂಡನು. 1792ರಲ್ಲಿ ಫುಕನ್ ಎಂಬ ಮತ್ತೊಬ್ಬ ತಪಸ್ವಿಯು ಓತಾಕಿ ಗ್ರಾಮದ ಕಡೆಯಿಂದ ಇನ್ನೊಂದು ದಾರಿಯನ್ನು ತೆರೆದನು. ಮುಂದೆ ದೇಶದ ಹಲವೆಡೆ ಓಂತಾಕೆ ಭಕ್ತಮಂಡಲಿಗಳು ಹುಟ್ಟಿದುವು. ಪವಿತ್ರಗಿರಿಗಳಲ್ಲಿ ಸ್ತ್ರೀಯರಿಗಿದ್ದ ನಿಷೇಧವನ್ನು 1872ರಲ್ಲಿ ಸರಕಾರವು ತೆಗೆದುಹಾಕಿತು.

ಶ್ವೇತವಸ್ತ್ರಧಾರಿಗಳಾದ ಈ ಯಾತ್ರಿಕರು ಹತ್ತುವಾಗ ಆರು ಇಂದ್ರಿಯಗಳ ಶುದ್ಧಿಯನ್ನು ಕೋರುತ್ತ ಘೋಷಿಸುತ್ತಾರೆ. ಪಂಚೇಂದ್ರಿಯಗಳೊಡನೆ ಮನಸ್ಸನ್ನೂ ಎಣಿಸುವ ಈ ಕಲ್ಪನೆಯು ಭಾರತದಿಂದ ಬೌದ್ಧಗ್ರಂಥಗಳ ಮೂಲಕ ಅಲ್ಲಿಗೆ ಹೋದುದು. ಸಂಸ್ಕೃತದ ಷಡಿಂದ್ರಿಯ ವಿಚಾರವು ಚೀನೀ ಅನುವಾದದ ದ್ವಾರಾ ಕಿಸೊ ಕಣಿವೆಯ ದಾರಿಹೋಕನ ನಾಲಗೆಗೆ ತಲುಪಿತು. ಮರಣಾನಂತರ ಭಕ್ತನ ಆತ್ಮವು ಈ ಬೆಟ್ಟಕ್ಕೆ ಮರಳುವುದೆಂಬ ನಂಬಿಕೆಯಿಂದ ನಿಲ್ಲಿಸಿದ ಸಾವಿರಾರು ಸ್ಮಾರಕಶಿಲೆಗಳು ದಾರಿಯುದ್ದಕ್ಕೂ ಇವೆ.

ಬೆಟ್ಟದ ಇನ್ನೊಂದು ಮುಖ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯಿದೆ. ಹತ್ತಿರದಿಂದ ಬಲ್ಲವರೂ ಓಂತಾಕೆಯನ್ನು ಆರಿಹೋದ ಜ್ವಾಲಾಮುಖಿಯೆಂದೇ ಬಗೆದಿದ್ದರು. 1979ರ ಅಕ್ಟೋಬರ್ 28ರಂದು ಅದು ಸಿಡಿದಾಗ 'ಮೃತ ಜ್ವಾಲಾಮುಖಿ' ಎಂಬ ವರ್ಗೀಕರಣವನ್ನೇ ವಿದ್ವಾಂಸರು ಪುನರ್ವಿಮರ್ಶೆ ಮಾಡಬೇಕಾಯಿತು. 1984ರ ಸೆಪ್ಟೆಂಬರ್ 14ರ ಭೂಕಂಪದಲ್ಲಿ ಬೆಟ್ಟದ ದಕ್ಷಿಣದ ಮೈ ಕುಸಿದು ಕಣಿವೆಗಿಳಿಯಿತು. ಓತಾಕಿ ಗ್ರಾಮದ ಸುತ್ತಮುತ್ತ 29 ಮಂದಿ ಬಲಿಯಾದರು.

2014ರ ಸೆಪ್ಟೆಂಬರ್ 27, ಶನಿವಾರ. ಕಾರ್ತಿಕಮಾಸದ ಎಲೆಗಳಂತೆ ಕೆಂಪೇರಿದ ಕಾಡನ್ನು ನೋಡಲು ಬಂದ ಜನರಿಂದ ಶಿಖರವು ತುಂಬಿತ್ತು. ಮಧ್ಯಾಹ್ನಕ್ಕೆ ಎಂಟು ನಿಮಿಷವಿರುವಾಗ ಬೆಟ್ಟವು ಸಿಡಿಯಿತು. ನೆಲದೊಳಗಿನ ನೀರು ಕಾದು ಹಬೆಯಾಗಿ ಬಂಡೆಗಳನ್ನು ಒಡೆದುಕೊಂಡು ಹೊರಬೀಳುವ ಇಂಥ ಸ್ಫೋಟಕ್ಕೆ ಸ್ಪಷ್ಟವಾದ ಮುನ್ಸೂಚನೆ ದೊರೆಯುವುದು ಕಷ್ಟ. ಸೆಪ್ಟೆಂಬರ್ 10 ಮತ್ತು 11ರಂದು ಸಣ್ಣ ಕಂಪನಗಳು ಹೆಚ್ಚಿದ್ದರೂ ಎಚ್ಚರಿಕೆಯ ಮಟ್ಟವನ್ನು ಏರಿಸಿರಲಿಲ್ಲ. ಆಗ ಜಾರಿಯಲ್ಲಿದ್ದ ಒಂದನೆಯ ಮಟ್ಟಕ್ಕೆ 'ಸಾಮಾನ್ಯ' ಎಂಬ ವಿವರಣೆಯಿತ್ತು. 58 ಮಂದಿ ಮೃತರಾದರು. ಐವರು ಇಂದಿಗೂ ದೊರೆತಿಲ್ಲ. 2015ರಲ್ಲಿ ಆ 'ಸಾಮಾನ್ಯ' ಎಂಬ ಪದವನ್ನು ತೆಗೆದು, ಇದು ಜೀವಂತ ಜ್ವಾಲಾಮುಖಿಯೆಂಬ ಅರಿವಿರಲಿ ಎಂಬರ್ಥದ ಮಾತನ್ನು ಇರಿಸಲಾಯಿತು. ಒಂದು ಪದದ ಆಯ್ಕೆಯಲ್ಲಿ ಎಷ್ಟು ಹೊಣೆಯಿರುತ್ತದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ. ಶಿಖರದಲ್ಲಿ ಆಶ್ರಯಸ್ಥಾನಗಳನ್ನು ನಿರ್ಮಿಸಿ 2018ರಲ್ಲಿ ಮತ್ತೆ ಅಲ್ಲಿಗೆ ಪ್ರವೇಶವಿತ್ತರು. ನಿಗದಿಯಾದ ಬೆಟ್ಟದಾರಿಗಳನ್ನೇರುವವರು ತಮ್ಮ ಯಾತ್ರಾಯೋಜನೆಯನ್ನು ಮೊದಲೇ ಸಲ್ಲಿಸಬೇಕೆಂಬ ನಿಯಮವು ನಗಾನೊ ಪ್ರಾಂತದಲ್ಲಿ 2016ರಿಂದ ಜಾರಿಗೆ ಬಂದಿತು.

ಉಪಸಂಹಾರ

ನೂರು ದಿನಗಳ ವ್ರತವು ಬಹುಜನರನ್ನು ಬೆಟ್ಟದಿಂದ ಹೊರಗಿಟ್ಟಿತು. ಕಾಕುಮೆಯ್ ಅದನ್ನು ಮುರಿದುದು ನ್ಯಾಯವೇ ಆಗಿತ್ತು. ಆದರೆ ಆತನು ವ್ರತವನ್ನು ಹಗುರಗೊಳಿಸಿದನೇ ಹೊರತು ಇಲ್ಲವಾಗಿಸಲಿಲ್ಲವೆಂಬುದು ವಿಚಾರಾರ್ಹ. ಬಾಗಿಲು ಎಲ್ಲರಿಗೂ ತೆರೆದಿರಬೇಕು. ಒಳಬರುವವನು ಸಿದ್ಧನಾಗಿಯೂ ಬರಬೇಕು. ಇಂದಿನ ಶಿರಸ್ತ್ರಾಣ, ಸಲ್ಲಿಸಿದ ಯೋಜನೆ, ಎಚ್ಚರಿಕೆಯ ಫಲಕವನ್ನು ಓದುವ ವ್ಯವಧಾನ ಇವುಗಳನ್ನು ಆ ಲಘುವ್ರತದ ಈಗಿನ ರೂಪವೆಂದು ಭಾವಿಸಿದರೆ ತಪ್ಪಾಗದು.

ಇದಕ್ಕೆ ಪೂರಕವಾದ ಇನ್ನೊಂದು ಶಿಸ್ತು ಸುವಾ ಸರೋವರದಲ್ಲಿದೆ. 759 ಮೀಟರು ಎತ್ತರದಲ್ಲಿರುವ ಈ ಸರೋವರವು ಕಡುಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ರಾತ್ರಿ ಹಿಮಗಡ್ಡೆ ಕುಗ್ಗಿ ಬಿರಿಯುತ್ತದೆ. ಬಿರುಕಿನಲ್ಲಿ ನೀರು ತುಂಬಿ ಮತ್ತೆ ಗಟ್ಟಿಯಾಗುತ್ತದೆ. ಹಗಲು ಗಡ್ಡೆ ಹಿಗ್ಗಿದಾಗ ಬಿರುಕಿನ ಸಾಲು ಏರಿಯಂತೆ ಮೇಲೇಳುತ್ತದೆ. ದೇವನು ಆಚೆ ದಡದ ದೇವಿಯ ಬಳಿಗೆ ನಡೆದುಹೋದ ಹೆಜ್ಜೆದಾರಿಯೆಂದು ಇದನ್ನು 'ಓಮಿವತಾರಿ' ಎನ್ನುತ್ತಾರೆ. ಇದು ಮೂಡಿದ ದಿನಗಳನ್ನು 1443ರಿಂದ ದಾಖಲಿಸಿಡಲಾಗಿದೆ. 2018ರಲ್ಲಿ ಈ ದಾರಿ ಕಾಣಿಸಿತು. 2019ರಿಂದ 2025ರವರೆಗಿನ ಏಳು ಚಳಿಗಾಲಗಳಲ್ಲಿ ಒಮ್ಮೆಯೂ ಕಾಣಿಸಲಿಲ್ಲ. ಆದರೂ ಅರ್ಚಕರೂ ಭಕ್ತರೂ ಪ್ರತಿವರ್ಷ ಜನವರಿಯ ಮೊದಲ ವಾರದಿಂದ ಒಂದು ತಿಂಗಳ ಕಾಲ ಬೆಳಗಿನ ಜಾವದಲ್ಲಿ ದಡಕ್ಕೆ ಬಂದು, ನೀರಿನ ಉಷ್ಣತೆಯನ್ನಳೆದು, ಕಂಡುದನ್ನು ಕಂಡಂತೆ ಬರೆದಿಡುತ್ತಾರೆ. ಭಕ್ತಿಯಿಂದ ಆರಂಭವಾದ ಈ ಬರಹವು ಭೂಮಿಯ ತಾಪವೇರುತ್ತಿರುವುದಕ್ಕೆ ಇಂದು ವಿಜ್ಞಾನಿಗಳಿಗೆ ಅಮೂಲ್ಯವಾದ ಸಾಕ್ಷ್ಯವಾಗಿದೆ. ದೇವನು ಬಾರದ ವರ್ಷವನ್ನೂ ಮರೆಮಾಚದೆ ಬರೆದಿಟ್ಟ ಪ್ರಾಮಾಣಿಕತೆಯೇ ಅದರ ಬೆಲೆ.

2016ರಿಂದ ಜಪಾನ್ ಆಗಸ್ಟ್ 11ನ್ನು ಪರ್ವತದಿನವೆಂದು ಆಚರಿಸುತ್ತಿದೆ. ಅದರ ಪ್ರಥಮ ರಾಷ್ಟ್ರೀಯ ಸಮಾರಂಭ ನಡೆದುದು ಶಿನಾನೊ ಸೀಮೆಯ ಕಾಮಿಕೋಚಿ ಕಣಿವೆಯಲ್ಲಿ. ಭೂಗೋಳವನ್ನು ಬೋಧಿಸುವವರು ಒಂದು ನಾಡಿನ ಶಿಖರಗಳ ಎತ್ತರವನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಆ ಶಿಖರದಿಂದ ಯಾರಿಗೆ ನೀರು ಬರುತ್ತದೆ, ಯಾರನ್ನು ಅಲ್ಲಿಂದ ದೂರವಿಡಲಾಗಿತ್ತು, ಅದು ಮುನಿದಾಗ ಯಾರು ಅಳಿದರು ಎಂಬುದನ್ನೂ ತಿಳಿಸಬೇಕು. ಆಗ ನಕಾಶೆಯ ಮೇಲಿನ ಕಂದುಬಣ್ಣವು ಮಕ್ಕಳ ಕಣ್ಣಿಗೆ ಬೆಟ್ಟವಾಗಿ ಕಾಣುತ್ತದೆ.