ಆರೋಗ್ಯದೂತೆಯ ಔಷಧಪೆಟ್ಟಿಗೆ

ಮಿತಿಯಲ್ಲಿದ್ದರೆ ಔಷಧ, ಮಿತಿ ಮೀರಿದರೆ ವಿಷ ಎಂಬುದು ಹಿರಿಯರು ಅನುಭವದಿಂದ ಕಂಡುಕೊಂಡ ಸತ್ಯ. ಹೆಜ್ಜೆಗೊಬ್ಬ ವೈದ್ಯರು ದೊರೆಯುವ ಪುಣೆಯಂತಹ ನಗರದಲ್ಲಿಯೂ ಈ ಮಿತಿಯನ್ನರಿಯದೆ ತೊಂದರೆಗೊಳಗಾಗುವವರುಂಟು. ಹೀಗಿರುವಾಗ ಆಸ್ಪತ್ರೆಯಿಂದ ದೂರವಿರುವ ಗಿರಿಜನರ ಹಳ್ಳಿಗಳಲ್ಲಿ ಔಷಧವನ್ನು ಯಾರ ಕೈಗೆ ಒಪ್ಪಿಸಬೇಕು? ಅರಿಯದವರಿಗೆ ಕೊಟ್ಟರೆ ಅಪಾಯ. ಯಾರಿಗೂ ಕೊಡದಿದ್ದರೆ ಸಾವು. ಈ ಇಕ್ಕಟ್ಟಿಗೆ ಮಹಾರಾಷ್ಟ್ರದಲ್ಲಿ ದೊರೆತ ಉತ್ತರವು ಮನನಯೋಗ್ಯವಾಗಿದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಬಾನೂ ಕೋಯಾಜಿಯವರು 1970ರ ದಶಕದಲ್ಲಿಯೇ ಸಮೀಪದ ವಢು ಗ್ರಾಮದಲ್ಲಿ ಹಳ್ಳಿಗರನ್ನೇ ಆರೋಗ್ಯ ಕಾರ್ಯಕ್ಕೆ ಸಜ್ಜುಗೊಳಿಸಿದರು. ರಾಜ್ಯದ ಪೂರ್ವದ ಅಂಚಿನ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು 1986ರಲ್ಲಿ ‘ಸರ್ಚ್’ ಸಂಸ್ಥೆಯನ್ನು ಸ್ಥಾಪಿಸಿ, ಇದೇ ಕಾರ್ಯವನ್ನು ಗೊಂಡರ ನಾಡಿನಲ್ಲಿ ಕೈಗೊಂಡರು.

ಮಣಿ ಮತ್ತು ಮರಳು

ನ್ಯುಮೋನಿಯ ತಗುಲಿದ ಮಗು ವೇಗವಾಗಿ ಉಸಿರಾಡುತ್ತದೆ. ಆದರೆ ಅಕ್ಷರ ಬಾರದ ಸೂಲಗಿತ್ತಿ ಐವತ್ತು, ಅರವತ್ತು ಎಂದು ಎಣಿಸುವುದೆಂತು? ಅದಕ್ಕಾಗಿ ಒಂದು ನಿಮಿಷದ ಮರಳುಗಡಿಯಾರ ಹಾಗೂ ಮಣಿಗಳಿರುವ ಸಾಧನವೊಂದು ರೂಪುಗೊಂಡಿತು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂದರೆ ಔಷಧ ಬೇಕು, ಬಾರದಿದ್ದರೆ ಬೇಡ. ಔಷಧವನ್ನು ಯಾವಾಗ ಕೊಡಬಾರದೆಂಬುದೂ ಇದರಿಂದ ತಿಳಿಯುತ್ತಿತ್ತು.

ಮುಂದೆ ಹಳ್ಳಿಯ ಮಹಿಳೆಯರು ಆರೋಗ್ಯದೂತೆಯರಾಗಿ ನವಜಾತ ಶಿಶುಗಳ ನಂಜಿಗೆ ಜೆಂಟಾಮೈಸಿನ್ ಚುಚ್ಚುಮದ್ದು ಕೊಡುವುದನ್ನು ಕಲಿತರು. ಪ್ರಮಾಣ ಮೀರಿದರೆ ಕಿವಿಗೂ ಮೂತ್ರಪಿಂಡಕ್ಕೂ ಹಾನಿ ತರಬಲ್ಲ ಔಷಧವಿದು. ಆದುದರಿಂದ ಶಿಶುವಿನ ತೂಕ ನೋಡುವುದು, ರೋಗಲಕ್ಷಣಗಳನ್ನು ಗುರುತಿಸುವುದು, ಕೊಟ್ಟದ್ದನ್ನೆಲ್ಲ ಬರೆದಿಡುವುದು ತರಬೇತಿಯ ಮುಖ್ಯ ಪಾಠಗಳಾದವು. 39 ಹಳ್ಳಿಗಳಲ್ಲಿ ನಡೆದ ಈ ಪ್ರಯೋಗದ ಮೂರನೆಯ ವರ್ಷದಲ್ಲಿ ನವಜಾತ ಶಿಶುಗಳ ಮರಣವು, ಹೋಲಿಕೆಯ ಹಳ್ಳಿಗಳಿಗಿಂತ ಶೇಕಡಾ 62ರಷ್ಟು ತಗ್ಗಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಿಂದ ನವಜಾತ ಶಿಶುಗಳ ಮನೆಯಾರೈಕೆಯು ದೇಶದ ಆಶಾ ಕಾರ್ಯಕರ್ತೆಯರ ಕರ್ತವ್ಯಗಳಲ್ಲೊಂದಾಯಿತು.

ಕಾಡಿನ ನೆಲೆಯ ವಿಶೇಷ ಎಚ್ಚರ

ಮಲೇರಿಯಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯು ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯುಳ್ಳವರ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಈ ಕೊರತೆಯು ಕೆಲವು ಗಿರಿಜನ ಸಮುದಾಯಗಳಲ್ಲಿ ಹೆಚ್ಚು. ಮೂತ್ರವು ಕರಿಚಹದ ಬಣ್ಣಕ್ಕೆ ತಿರುಗಿದೊಡನೆ ಮಾತ್ರೆ ನಿಲ್ಲಿಸಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು. ಇಂತಹ ಲಕ್ಷಣವನ್ನು ಮೊದಲು ಕಾಣಬಲ್ಲವರು, ಮನೆಯವರ ಮಾತಿನಲ್ಲಿಯೇ ಕೇಳಿ ತಿಳಿಯಬಲ್ಲವರು ಅದೇ ಊರಿನ ಕಾರ್ಯಕರ್ತೆಯರು. ಕನ್ನಡನಾಡಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಗಿರಿಜನ ತರುಣಿಯರನ್ನೇ ದಾದಿಯರಾಗಿ ತರಬೇತುಗೊಳಿಸಿದುದರ ಮರ್ಮವೂ ಇದೇ.

ನಮ್ಮ ಮನೆಗಳಿಗೂ ಪಾಠ

ಉಳಿದ ಮಾತ್ರೆಗಳನ್ನು ಮನೆಗೆಲಸದವರಿಗೆ ಕೊಡುವುದು, ಊರಿಗೆ ಹೋದಾಗ ಬಂಧುಗಳಿಗೆ ಹಂಚುವುದು ನಗರವಾಸಿ ಕನ್ನಡಿಗರಲ್ಲಿಯೂ ಉಂಟು. ಉದ್ದೇಶ ಒಳ್ಳೆಯದೇ, ಪರಿಣಾಮ ಹಾಗಿರಲಾರದು. ಪ್ಯಾರಾಸಿಟಮಾಲ್‌ನ ಒಂದು ಬಗೆಯ ಸಿರಪ್ಪಿನ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ. ಔಷಧವಿದ್ದರೆ, 1 ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಶಿಶುಗಳ ಹನಿಯೌಷಧದ ಅಷ್ಟೇ ಅಳತೆಯಲ್ಲಿ 500 ಮಿ.ಗ್ರಾಂ. ಇರುತ್ತದೆ. ಚಮಚ ಒಂದೇ, ಔಷಧ ನಾಲ್ಕು ಪಟ್ಟು!

ಆದುದರಿಂದ ಚೀಟಿಯನ್ನು ಓದಿರಿ, ತೂಕವನ್ನು ತಿಳಿಯಿರಿ, ಉಳಿದ ಔಷಧವನ್ನು ಹಂಚದಿರಿ. ಔಷಧದಿಂದ ತೊಂದರೆಯಾದರೆ ಮೊದಲು ವೈದ್ಯರನ್ನು ಕಂಡು, ಬಳಿಕ 1800-180-3024 ಎಂಬ ಉಚಿತ ದೂರವಾಣಿಗೆ ವರದಿ ಮಾಡಿರಿ. ಗಡಚಿರೋಲಿಯ ಸೂಲಗಿತ್ತಿ ಮಣಿ ಸರಿಸಿ ತೋರಿದ ಎಚ್ಚರವು ಅಕ್ಷರಸ್ಥರ ಮನೆಗಳಲ್ಲಿಯೂ ನೆಲೆಸಲಿ.