ಮರದೊಳಗಿನ ಕೊಳಾಯಿ

ಅಕ್ಕತಂಗಿಯರೇ, ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ಹೆಸರು ನೀವು ಕೇಳಿರಬಹುದು. ತಾಮ್ರದಂತೆ ಕೆಂಪು ತೊಳೆ. 2017ರಲ್ಲಿ ತೋಟಗಾರಿಕೆ ವಿಜ್ಞಾನಿಗಳು ಈ ತಳಿಯ ಸಸಿ ಬೆಳೆಸಲು ಮರದ ಮನೆಯವರ ಜೊತೆ ಒಪ್ಪಂದ ಮಾಡಿಕೊಂಡರು. ಬೀಜ ನೆಟ್ಟರೆ ಅದೇ ಹಣ್ಣು ಬರುತ್ತದೆ ಅನ್ನೋ ಭರವಸೆ ಇಲ್ಲ. ಅದಕ್ಕೇ ಕಸಿ ಕಟ್ಟುತ್ತಾರೆ. ಒಂದು ಮರದ ಕಡ್ಡಿ ಇನ್ನೊಂದು ಗಿಡಕ್ಕೆ ಕೂಡಿಕೊಳ್ಳುವುದು ಹೇಗೆ? ತಿಳಿಯಬೇಕಾದರೆ ಗಿಡದೊಳಗೆ ನೀರು ಹರಿಯುವ ದಾರಿ ನೋಡೋಣ.

ತುಮಕೂರಿನ ಹೂವಿನ ಅಂಗಡಿಯಿಂದ ಬಿಳಿ ಸುಗಂಧರಾಜದ ಒಂದು ಕಡ್ಡಿ ತನ್ನಿ. ಲೋಟದ ನೀರಿಗೆ ಕೆಂಪು ಶಾಯಿ ಹಾಕಿ. ಕಡ್ಡಿಯ ತುದಿ ಕತ್ತರಿಸಿ ಅದರಲ್ಲಿಡಿ. ಮಾರನೆ ದಿನ ಕಡ್ಡಿಯನ್ನು ಅಡ್ಡ ಕುಯ್ದು ನೋಡಿ. ಒಳಗೆ ಕೆಂಪು ಚುಕ್ಕಿಗಳು ಕಾಣುತ್ತವೆ. ಒಂದೊಂದು ಚುಕ್ಕಿಯೂ ನೀರು ಏರಿದ ದಾರಿ.

ಮನೆ ಕಟ್ಟಲು ಇಟ್ಟಿಗೆ ಹೇಗೋ, ಗಿಡಕ್ಕೆ ಜೀವಕೋಶ ಹಾಗೆ. ನೀರು ಸಾಗಿಸುವ ಕೋಶಗಳು ಉದ್ದುದ್ದ. ಒಂದರ ಮೇಲೊಂದು ಕೂತಿರುತ್ತವೆ. ಬೆಳೆದ ಮೇಲೆ ಅವು ಸಾಯುತ್ತವೆ! ಒಳಗೆಲ್ಲ ಟೊಳ್ಳು. ಗಟ್ಟಿ ಗೋಡೆ ಮಾತ್ರ ಉಳಿಯುತ್ತದೆ. ಹೀಗೆ ಕೊಳಾಯಿ ತಯಾರು. ಶಾಲೆ ಪುಸ್ತಕದಲ್ಲಿ ಇದಕ್ಕೆ ಕ್ಸೈಲಂ ಅಂತಾರೆ. ಮೋಟಾರಿಲ್ಲದೆ ನೀರು ಮೇಲೇರುವುದು ಹೇಗೆ? ಬಿಸಿಲಿಗೆ ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ. ಹೋದಷ್ಟನ್ನು ಎಲೆ ಕೆಳಗಿನಿಂದ ಎಳೆದುಕೊಳ್ಳುತ್ತದೆ.

ಅಡುಗೆ ಆಗುವುದು ಎಲೆಯಲ್ಲಿ. ಆ ಸಿಹಿರಸ ಬೇರಿಗೂ ಕಾಯಿಗೂ ಹೋಗಬೇಕು. ಇದಕ್ಕೆ ಬೇರೆ ಕೊಳಾಯಿ, ಫ್ಲೋಯಂ. ಈ ಕೋಶಗಳು ಜೀವಂತ. ಎರಡು ಕೋಶ ಸೇರುವ ಕಡೆ ನಮ್ಮ ಜರಡಿಯಂತೆ ತೂತುಗಳಿವೆ. ಪಕ್ಕದಲ್ಲೇ ಒಂದು ಜೊತೆಗಾರ ಕೋಶ ಕೂತು ಅದರ ಕೆಲಸ ನಡೆಸಿಕೊಡುತ್ತದೆ. ತೆಂಗಿನ ಹೊಂಬಾಳೆಯಿಂದ ಇಳಿಸುವ ನೀರಾ ಈ ರಸವೇ. ಹಲಸಿನ ಸೊನೆ ಮಾತ್ರ ಇದಲ್ಲ. ಅದು ಹರಿಯುವ ನಾಳಗಳೇ ಬೇರೆ.

ಹಲಸು, ಮಾವು, ಹುಣಸೆ ಮರಗಳಲ್ಲಿ ನೀರಿನ ಕೊಳಾಯಿ ಒಳಗಿನ ಮರದಲ್ಲಿದೆ. ಸಿಹಿರಸದ ಕೊಳಾಯಿ ತೊಗಟೆಯಲ್ಲಿದೆ. ಮೇಕೆ ಸುತ್ತಲೂ ತೊಗಟೆ ತಿಂದರೆ ಏನಾಗುತ್ತದೆ? ಎಲೆ ಕೆಲವು ಕಾಲ ಹಸಿರಾಗೇ ಇರುತ್ತದೆ, ನೀರು ಏರುತ್ತಿದೆಯಲ್ಲ! ಬೇರಿಗೆ ಮಾತ್ರ ಊಟವಿಲ್ಲ. ಬೇರು ಉಪವಾಸ ಬಿದ್ದು ಮರ ಒಣಗುತ್ತದೆ. ಎಷ್ಟೋ ಮನೆಗಳಲ್ಲಿ ಇದಕ್ಕೆ ದೃಷ್ಟಿ ತಾಗಿತು ಅಂತಾರೆ. ಬಟ್ಟೆ ಒಣಹಾಕಲು ಬಿಗಿದ ತಂತಿಯೂ ಮರ ದಪ್ಪವಾದಂತೆ ತೊಗಟೆ ಕೊಯ್ಯುತ್ತದೆ. ಇಂದೇ ಬಿಚ್ಚಿ, ಸಡಿಲವಾಗಿ ಹಗ್ಗ ಕಟ್ಟಿ.

ಈಗ ಕಸಿಗೆ ಬರೋಣ. ತೊಗಟೆಗೂ ಮರಕ್ಕೂ ನಡುವೆ ಒಂದು ತೆಳು ಹಸಿ ಪದರವಿದೆ. ಹೊಸ ಕೊಳಾಯಿ ಹುಟ್ಟುವುದು ಅಲ್ಲೇ. ಕಡ್ಡಿಯ ಪದರ, ಬುಡದ ಪದರ ಒಂದಕ್ಕೊಂದು ತಾಗಬೇಕು. ಅಲುಗಾಡದಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಕೂಡಿದ ಮೇಲೆ ಪಟ್ಟಿ ಬಿಚ್ಚಲು ಮರೆತರೆ ಅದೂ ತಂತಿಯ ಕೆಲಸವೇ ಮಾಡುತ್ತದೆ. ಸಸಿ ತಂದವರು ಗಂಟು ಇರುವ ಕಡೆ ಒಮ್ಮೆ ನೋಡಿ.

ಕುಣಿಗಲ್ಲಿನ ತೋಟಗಳ ತೆಂಗಿನ ಕಥೆ ಬೇರೆ. ಕಡಿದ ತೆಂಗಿನ ಮರ ನೋಡಿ, ಕಾಂಡದ ತುಂಬ ನಾರು ನಾರು. ಒಂದೊಂದು ನಾರಿನಲ್ಲೂ ಎರಡೂ ಕೊಳಾಯಿ ಇವೆ. ಆ ಹಸಿ ಪದರ ಮಾತ್ರ ಇಲ್ಲ. ಅದಕ್ಕೇ ಮರ ಹತ್ತಲು ಮಚ್ಚಿನಲ್ಲಿ ಕಡಿದ ಮೆಟ್ಟಿಲು ಎಂದೂ ಮುಚ್ಚುವುದಿಲ್ಲ. ತೆಂಗಿಗೆ ಹಲಸಿನಂತೆ ಕಸಿ ಕಟ್ಟಲೂ ಆಗದು. ಒಳ್ಳೆ ಮರದ ಕಾಯಿ ಆರಿಸಿಯೇ ಸಸಿ ಮಾಡಬೇಕು.