ತೊಗಲಿನ ರಟ್ಟಿನ ಮೇಲಿನ ರಾಜಲಾಂಛನ: ಕಾಲನಿರ್ಣಯದ ನೆಲೆಗಳು

ವರಾಹಲಾಂಛನವು ಬಾದಾಮಿ ಚಾಲುಕ್ಯರದೂ ಹೌದು, ವಿಜಯನಗರದ ಅರಸರದೂ ಹೌದು. ಲಾಂಛನವೊಂದನ್ನೇ ನೆಚ್ಚಿ ಕಾಲವನ್ನಾಗಲಿ ಒಡೆತನವನ್ನಾಗಲಿ ನಿರ್ಣಯಿಸಲಾಗದೆಂಬುದು ಶಾಸನಾಭ್ಯಾಸಿಗಳಿಗೆ ತಿಳಿದ ಸಂಗತಿ. ಇಂಗ್ಲೆಂಡಿನ ಹಳೆಯ ಗ್ರಂಥಗಳ ತೊಗಲಿನ ರಟ್ಟುಗಳ ಮೇಲೆ ಒತ್ತಿದ ರಾಜಲಾಂಛನಗಳಿಗೂ ಈ ಮಾತು ಅನ್ವಯಿಸುತ್ತದೆ.

ತೊಗಲಿನ ಮೇಲಿನ ಅಚ್ಚಿನಲ್ಲಿ ಸಾಮಾನ್ಯವಾಗಿ ಬಣ್ಣಗಳಿರುವುದಿಲ್ಲ. ಆದ್ದರಿಂದ ಆಕೃತಿಗಳೇ ಮುಖ್ಯ ಆಧಾರ. ಕೆಲವು ಅಚ್ಚುಗಳಲ್ಲಿ ಗೆರೆಗಳು ಬಣ್ಣವನ್ನು ಸೂಚಿಸುತ್ತವೆ: ಲಂಬರೇಖೆ ಕೆಂಪು, ಅಡ್ಡರೇಖೆ ನೀಲಿ, ಚುಕ್ಕೆ ಚಿನ್ನ. ಪೆತ್ರಾ ಸಾಂಕ್ತಾನ 1638ರ ಗ್ರಂಥದಿಂದ ಈ ಪದ್ಧತಿ ವ್ಯಾಪಕವಾಯಿತು.

ಮೊದಲು ಗಮನಿಸಬೇಕಾದುದು ಗುರಾಣಿಯನ್ನು ಹಿಡಿದ ಪ್ರಾಣಿಗಳನ್ನು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಸಿಂಹದೊಡನಿದ್ದ ಡ್ರ್ಯಾಗನ್‌ನ ಸ್ಥಾನಕ್ಕೆ 1603ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಜೇಮ್ಸ್ ಸ್ಕಾಟ್ಲೆಂಡಿನ ಒಂಟಿಕೊಂಬಿನ ಕುದುರೆಯನ್ನು ತಂದನು. ಅನಂತರ ಗುರಾಣಿಯ ಒಳಭಾಗಗಳನ್ನು ಪರಿಶೀಲಿಸಬೇಕು. ಫ್ರಾನ್ಸಿನ ಲಿಲಿ ಹೂಗಳ ಭಾಗವನ್ನು 1801ರಲ್ಲಿ ಕೈಬಿಡಲಾಯಿತು. ಹ್ಯಾನೋವರಿನ ಚಿಹ್ನೆಗಳು ನಡುವಣ ಕಿರುಗುರಾಣಿಗೆ ಸರಿದವು. ಆ ಕಿರುಗುರಾಣಿಯ ಮೇಲೆ ಟೊಪ್ಪಿಗೆಯಿದ್ದರೆ ಲಾಂಛನವು 1801-1816ರ ಅವಧಿಯದು, ಕಿರೀಟವಿದ್ದರೆ 1816-1837ರದು. 1837ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟವೇರಿದಾಗ ಕಿರುಗುರಾಣಿಯೇ ಮರೆಯಾಯಿತು. ಇಲ್ಲೊಂದು ಎಚ್ಚರ ಅಗತ್ಯ: ಸ್ಕಾಟ್ಲೆಂಡಿನ ಸಿಂಹದ ಸುತ್ತಲಿನ ಅಂಚಿನಲ್ಲಿಯೂ ಲಿಲಿ ಹೂಗಳಿವೆ. ಸವೆದ ತೊಗಲಿನಲ್ಲಿ ಇವನ್ನೇ ಫ್ರಾನ್ಸಿನ ಭಾಗವೆಂದು ಭಾವಿಸಿದರೆ ಗ್ರಂಥದ ಕಾಲ ತಪ್ಪಾಗಿ ಹಿಂದಕ್ಕೆ ಸರಿಯುತ್ತದೆ.

ಕಾಲ ತಿಳಿದ ಮಾತ್ರಕ್ಕೆ ಒಡೆತನ ತಿಳಿಯುವುದಿಲ್ಲ. ಟ್ಯೂಡರ್ ಕಾಲದ ರಟ್ಟುಗಾರರು ರಾಜಲಾಂಛನದ ಅಚ್ಚುಗಳನ್ನು ಮಾರಾಟದ ಸಾಮಾನ್ಯ ಪುಸ್ತಕಗಳಿಗೂ ಒತ್ತುತ್ತಿದ್ದರು. ಅಂಥ ರಟ್ಟನ್ನು ಕಂಡು ಗ್ರಂಥವು ಅರಮನೆಯ ಭಂಡಾರದ್ದೆನ್ನುವುದು ಆತುರದ ತೀರ್ಮಾನವಾದೀತು. ಅಚ್ಚು ಮಾಡಿದ ಕಾಲ, ಅದನ್ನು ಒತ್ತಿದ ಕಾಲ, ಗ್ರಂಥ ಮುದ್ರಣಗೊಂಡ ಕಾಲ ಇವು ಬೇರೆ ಬೇರೆಯಾಗಿರಬಹುದು. ಹಳೆಯ ಅಚ್ಚು ಅರಸನ ಕಾಲಾನಂತರವೂ ಬಳಕೆಯಲ್ಲಿರಬಹುದು, ಹಳೆಯ ಗ್ರಂಥಕ್ಕೆ ಹೊಸ ರಟ್ಟು ಕಟ್ಟಿರಬಹುದು. ಹೀಗಾಗಿ ಲಾಂಛನವು ತೋರುವುದು ರಟ್ಟಿನ ಅಲಂಕರಣಕ್ಕೆ ಸಲ್ಲುವ ಮೇಲ್ಮಿತಿಯನ್ನಷ್ಟೆ: ಅದು ಯಾವ ವರ್ಷಕ್ಕಿಂತ ಹಿಂದಿನದಲ್ಲ ಎಂಬುದನ್ನು. ಒಡೆತನವನ್ನು ಹೇಳಲು ಒಡೆಯನ ಸಹಿ, ಗ್ರಂಥಭಂಡಾರದ ಹಳೆಯ ಪಟ್ಟಿ ಮೊದಲಾದ ಸ್ವತಂತ್ರ ಸಾಕ್ಷ್ಯಗಳು ಬೇಕೇಬೇಕು. ಲಾಂಛನವನ್ನು ತೀರ್ಪೆಂದು ಭಾವಿಸದೆ ಸಾಕ್ಷ್ಯಗಳಲ್ಲೊಂದೆಂದು ಪರಿಗಣಿಸುವುದೇ ಸರಿಯಾದ ಅಧ್ಯಯನಕ್ರಮ.